ರಿಗೊಂಡಾದೊಳಗೆ ಸಿಕ್ಕ ಕಾಯಿಲ್

ಲಾಟ್ವಿಯಾ ದೇಶದ ರಿಗಾದಲ್ಲಿ ನಾನು ಬಾಡಿಗೆಗಿರುವ ಮನೆಯ ಅಜ್ಜಿ ಕಳೆದ ತಿಂಗಳು ನೆಲಮಾಳಿಗೆಯಿಂದ ತಮ್ಮ ಹಳೆಯ ವಾಲ್ವ್ ರೇಡಿಯೊ ತೆಗೆಸಿದರು. ಹೆಸರು ರಿಗೊಂಡಾ. ನಾಲ್ಕು ಕಾಲಿನ ಮರದ ಪೆಟ್ಟಿಗೆ, ಹೊರೋಕೆ ಇಬ್ಬರು ಬೇಕು. 1960ರ ದಶಕದಲ್ಲಿ ಇದೇ ಊರಿನ ರೇಡಿಯೊಟೆಕ್ನಿಕಾ ಕಾರ್ಖಾನೆಯಲ್ಲಿ ತಯಾರಾದದ್ದು. ಮುಚ್ಚಳ ಎತ್ತಿದರೆ ಒಳಗೆ ರೆಕಾರ್ಡ್ ಪ್ಲೇಯರ್. ಇಂಥ ಜೋಡಿಗೆ ಇಲ್ಲಿ ರೇಡಿಯೋಲಾ ಅಂತಾರೆ.

ಹಾವೇರಿಯಲ್ಲಿ ಅಪ್ಪನದು ರೇಡಿಯೊ ರಿಪೇರಿ ಅಂಗಡಿ. ಬೆಸುಗೆ ಹಾಕೋದು ಕಲಿತದ್ದು ಅಲ್ಲೇ. ಅದಕ್ಕೇ ಸುಮ್ನೆ ಪ್ಲಗ್ ಚುಚ್ಚಲಿಲ್ಲ. ಲಾಟ್ವಿಯಾ ಸೋವಿಯತ್ ಒಕ್ಕೂಟದಲ್ಲಿದ್ದ ಕಾಲದಲ್ಲಿ ಕೆಲವು ಮನೆಗಳಿಗೆ 127 ವೋಲ್ಟ್, ಕೆಲವಕ್ಕೆ 220 ಬರುತ್ತಿತ್ತು. ಯಾವುದಕ್ಕೆ ಹೊಂದಿಸಿದ್ದಾರೆ ಅಂತ ಹಿಂಬದಿ ನೋಡಲೇಬೇಕು. ಇದು 220ರಲ್ಲೇ ಇತ್ತು. ಒಣಗಿದ ಕೆಪಾಸಿಟರ್ ಬದಲಿಸಲು ಮೂರು ಶನಿವಾರ ಹಿಡಿಯಿತು.

ಎರಡನೇ ಶನಿವಾರ ಅದು ಕಣ್ಣಿಗೆ ಬಿತ್ತು. ಕಾಯಿಲ್ ಅಂದರೆ ಸ್ಟೇಷನ್ ಹಿಡಿಯಲು ಬೇಕಾದ ತಂತಿಯ ಸುರುಳಿ. ಕಾರ್ಖಾನೆಯವೆಲ್ಲ ಅಚ್ಚುಕಟ್ಟಾಗಿದ್ದವು. ಒಂದು ಮಾತ್ರ ಕೈಯಲ್ಲಿ ಸುತ್ತಿದ್ದು, ಸುತ್ತು ಕಡಿಮೆ, ಬೆಸುಗೆ ದಪ್ಪ. ಡಯಲ್ ಹಿಂದಿನ ಬಿಳಿ ತಗಡಿನ ಮೇಲೆ ಪೆನ್ಸಿಲ್‌ನಲ್ಲಿ ‘19’ ಅಂತ ಬರೆದಿತ್ತು.

ನನಗೆ ಮೈ ಜುಮ್ಮೆಂದಿತು. ಸೋವಿಯತ್ ಜನರಿಗೆ ಮಾರುತ್ತಿದ್ದ ಬಹುತೇಕ ಸೆಟ್‌ಗಳಲ್ಲಿ ದೂರದೇಶದ ಸ್ಟೇಷನ್ ಹಿಡಿಯುವ ಶಾರ್ಟ್‌ವೇವ್ 25 ಮೀಟರ್ ತರಂಗದುದ್ದಕ್ಕೇ ನಿಲ್ಲುತ್ತಿತ್ತು. ಅದಕ್ಕಿಂತ ಸಣ್ಣ 19, 16, 13 ಮೀಟರ್ ಬ್ಯಾಂಡ್‌ಗಳು ಇರುತ್ತಿರಲಿಲ್ಲ. ಹೆಚ್ಚಾಗಿ ಹೊರದೇಶಕ್ಕೆ ಹೋಗುವ ಸೆಟ್‌ಗೇ ಅವು. 1948ರಿಂದ ಸೋವಿಯತ್ ಸರ್ಕಾರದವರು ಪಶ್ಚಿಮ ದೇಶಗಳ ಸ್ಟೇಷನ್‌ಗಳ ಮೇಲೆ ಗೊರಗೊರ ಶಬ್ದ ಹಾಯಿಸಿ ಮಾತು ಕೇಳದಂತೆ ಮಾಡುತ್ತಿದ್ದರು. ಆ ಸಣ್ಣ ಬ್ಯಾಂಡ್‌ಗಳಲ್ಲಿ ಈ ಕಾಟ ಕಡಿಮೆ. ಕೇಳುವ ಸೆಟ್ಟೇ ಇಲ್ಲ ಅಲ್ವಾ! ಹಾಗಾಗಿ ಕೈ ಓಡುವವರು ಮನೆಯಲ್ಲೇ ಕಾಯಿಲ್ ಮತ್ತೆ ಸುತ್ತಿಕೊಳ್ಳುತ್ತಿದ್ದರು.

ಅಜ್ಜಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. “ನಮ್ಮೆಜಮಾನ್ರ ಕೆಲಸ,” ಅಂದರು. “ನಾನು ಮಲಗಿದ ಮೇಲೆ ಹಾಕಿಕೊಳ್ತಿದ್ರು. ನಾನೂ ಕಣ್ಣು ಮುಚ್ಚಿಕೊಂಡೇ ಕೇಳ್ತಿದ್ದೆ.”

ಆ ಕಾಯಿಲ್ ನಾನು ಮುಟ್ಟಲಿಲ್ಲ. ರೆಕಾರ್ಡ್ ತಿರುಗಿಸುವ ರಬ್ಬರ್ ಚಕ್ರ ಕಲ್ಲಾಗಿದೆ, ಅದು ಇನ್ನೂ ಬಾಕಿ. ಇಲ್ಲಿಯ ಹಳೆಯ ಎಫ್‌ಎಂ 73 ಮೆಗಾಹರ್ಟ್ಸ್‌ಗೇ ಮುಗಿಯುತ್ತಿತ್ತು. ಈಗಿನ ಸ್ಟೇಷನ್‌ಗಳೆಲ್ಲ ಅದಕ್ಕಿಂತ ಮೇಲೆ, ಹಾಗಾಗಿ ಆ ಗುಂಡಿ ಒತ್ತಿದರೆ ಬರೀ ಸೊಯ್ ಅನ್ನುತ್ತದೆ.

ನಿನ್ನೆ ಸಂಜೆ ಆನ್ ಮಾಡಿದೆ. ವಾಲ್ವ್ ಬಿಸಿಯಾಗುವವರೆಗೆ ಸದ್ದೇ ಇಲ್ಲ. ಬಿಸಿ ದೂಳಿನ ವಾಸನೆ ಬಂತು. ಆಮೇಲೆ 19 ಮೀಟರ್‌ನಲ್ಲಿ ಯಾವುದೋ ಚೀನಿ ಸ್ಟೇಷನ್ ಮೆಲ್ಲಗೆ ಮೇಲೆದ್ದು ಬಂತು. ಅಜ್ಜಿ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಕೈ ಚಾಚಿ ವಾಲ್ಯೂಮ್ ಸಣ್ಣಗೆ ಮಾಡಿದರು.