ಗೋಡೆ ಗಟ್ಟಿಯಿತ್ತು, ಬಾಗಿಲು ಕೊರೆದವನು ನಾನು

ಗೆಳೆಯನೊಬ್ಬ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಹೋದ ವರ್ಷ ಫೋನ್ ಮಾಡಿ, "ಹುಡುಗರಿಗೆ ಕೋಡಿಂಗ್ ಸ್ಪರ್ಧೆ ಇಟ್ಟಿದೀವಿ ಕಣೋ, ಅವರು ಬರೆದದ್ದನ್ನ ಓಡಿಸಿ ಸರಿಯೋ ತಪ್ಪೋ ಹೇಳೋ ಒಂದು ಜಡ್ಜ್ ಮಾಡಿಕೊಡು" ಎಂದ. ಬಿಟ್ಟಿ ಕೆಲಸ. ಆದರೂ ಒಪ್ಪಿಕೊಂಡೆ. ವೆಬ್‌ಅಸೆಂಬ್ಲಿ, ಅಂದರೆ ವಾಸ್ಮ್ (ಬೇರೆ ಬೇರೆ ಭಾಷೆಯ ಪ್ರೋಗ್ರಾಂಗಳನ್ನು ತಿರುಗಿಸಿ, ಯಾವ ಬಗೆಯ ಮಷೀನ್ ಮೇಲಾದರೂ ಓಡಿಸಬಹುದಾದ ಒಂದು ರೂಪ), ಇಟ್ಟುಕೊಂಡು ಏನಾದರೂ ನಿಜವಾದ ಕೆಲಸ ಮಾಡಬೇಕೆಂದು ತುಂಬಾ ದಿನದಿಂದ ಆಸೆಯಿತ್ತು.

ಪ್ಲಾನ್ ಸುಲಭದ್ದು. ಹುಡುಗರು ಸಿ, ಸಿ++ ಅಥವಾ ರಸ್ಟ್‌ನಲ್ಲಿ ಬರೆದು ವಾಸ್ಮ್‌ಗೆ ಕಂಪೈಲ್ ಮಾಡಿ ಅಪ್‌ಲೋಡ್ ಮಾಡುತ್ತಾರೆ. ರಸ್ಟ್‌ನಲ್ಲಿ ಬರೆದ ನನ್ನ ಸರ್ವರ್ ಅದನ್ನು ವಾಸ್ಮ್‌ಟೈಮ್ ಎಂಬ ರನ್‌ಟೈಮ್ ಒಳಗೆ, ಮಷೀನ್ ಭಾಷೆಗೆ ಮತ್ತೊಮ್ಮೆ ಕಂಪೈಲ್ ಮಾಡಿ, ಓಡಿಸುತ್ತದೆ. ಇಪ್ಪತ್ತರ ಆಸುಪಾಸಿನ ಹುಡುಗರು ಕಳಿಸಿದ ಕೋಡ್ ನನ್ನ ಮಷೀನ್ ಮೇಲೆ ಓಡುತ್ತದೆ ಎಂದು ನೆನೆಸಿಕೊಂಡರೆ ಸ್ವಲ್ಪ ಭಯವಾಗುತ್ತದೆ. ಆದರೆ ವಾಸ್ಮ್ ಅಂದ ಮೇಲೆ ಸ್ಯಾಂಡ್‌ಬಾಕ್ಸ್, ಅಂದರೆ ಪ್ರೋಗ್ರಾಂ ಆಚೆ ಕೈ ಹಾಕದಂತೆ ಸುತ್ತ ಕಟ್ಟಿದ ಗೋಡೆ, ಇದ್ದೇ ಇದೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಗೋಡೆ ನಿಜಕ್ಕೂ ಗಟ್ಟಿಯಾಗಿದೆ. ಪ್ರತಿ ಮಾಡ್ಯೂಲ್‌ಗೂ, ಅಂದರೆ ಕಳಿಸಿದ ಪ್ರತಿ ವಾಸ್ಮ್ ಪ್ರೋಗ್ರಾಂಗೂ, ತನ್ನದೇ ಒಂದು ಮೆಮೊರಿ ಇರುತ್ತದೆ, 64 ಕಿಲೋಬೈಟ್‌ನ ಪುಟಗಳನ್ನು ಸಾಲಾಗಿ ಜೋಡಿಸಿದ ಉದ್ದನೆಯ ಪಟ್ಟಿ ಅದು. ಒಳಗಿನ ಪ್ರೋಗ್ರಾಂಗೆ ಪಾಯಿಂಟರ್ ಅಂದರೆ ಆ ಪಟ್ಟಿಯಲ್ಲಿ ಎಷ್ಟನೇ ಬೈಟ್ ಅನ್ನುವ 32 ಬಿಟ್‌ನ ಸಂಖ್ಯೆ, ಅಷ್ಟೇ. ಅಂದಮೇಲೆ 4 ಜಿಬಿ ದಾಟಿ ಹೋಗುವ ದಾರಿಯೇ ಕಡಿಮೆ. ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಉಪಾಯವಿದೆ. 64 ಬಿಟ್ ಮಷೀನ್‌ನಲ್ಲಿ ರನ್‌ಟೈಮ್ ಆ 4 ಜಿಬಿ ವಿಳಾಸವನ್ನು ಪೂರ್ತಿ ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ, ಅದರ ಪಕ್ಕ ಇನ್ನಷ್ಟು ಖಾಲಿ ಜಾಗವನ್ನೂ ಕಾವಲಿಗೆ ಬಿಡುತ್ತದೆ. ಇದು ನಿಜವಾದ ರ್‍ಯಾಮ್ ಅಲ್ಲ, ಬರೀ ವಿಳಾಸ, ಹಾಗಾಗಿ ಖರ್ಚೇನೂ ಇಲ್ಲ. ಪ್ರೋಗ್ರಾಂ ತನಗೆ ಕೊಟ್ಟ ಪುಟ ಬಿಟ್ಟು ಆಚೆ ಕೈ ಹಾಕಿದರೆ ಹಾರ್ಡ್‌ವೇರೇ ತಡೆಯುತ್ತದೆ, ರನ್‌ಟೈಮ್ ಅದನ್ನು ಹಿಡಿದು ಆ ಮಾಡ್ಯೂಲ್ ಒಂದನ್ನು ಮಾತ್ರ ನಿಲ್ಲಿಸುತ್ತದೆ. ಪ್ರತಿ ಸಲ ಓದುವಾಗ ಬರೆಯುವಾಗ "ಇದು ಒಳಗಿದೆಯಾ" ಎಂದು ಕೇಳುವ ಕೆಲಸವೇ ಇಲ್ಲ.

ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ವಾಪಸ್ ಹೋಗಬೇಕು ಅನ್ನುವ ವಿಳಾಸ ಈ ಪಟ್ಟಿಯಲ್ಲಿ ಇರುವುದೇ ಇಲ್ಲ, ಆದ್ದರಿಂದ ಅದನ್ನು ತಿದ್ದಿ ಬೇರೆಲ್ಲೋ ಹಾರುವ ಹಳೇ ಕಳ್ಳಾಟ ನಡೆಯುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಫೈಲ್ ತೆರೆಯುವ, ನೆಟ್‌ವರ್ಕ್ ಮುಟ್ಟುವ ಆದೇಶವೇ ವಾಸ್ಮ್‌ನಲ್ಲಿ ಇಲ್ಲ. ಹೊರಗಿನವನು, ಅಂದರೆ ನಾನು, ಇಂಪೋರ್ಟ್ ಆಗಿ ಕೊಟ್ಟ ಫಂಕ್ಷನ್‌ಗಳಷ್ಟೇ ಅದಕ್ಕೆ ಲೋಕ. ಗೋಡೆಯಲ್ಲಿ ನಾನು ಕೊರೆದ ಬಾಗಿಲುಗಳು ಅಂದರೆ ಅವೇ.

ನಾನು ಎಡವಿದ್ದು ಅಲ್ಲೇ.

ಮೊದಲ ಸುತ್ತು ಶುರುವಾಗಿ ಅರ್ಧ ಗಂಟೆಗೆ ಒಬ್ಬ ಹುಡುಗ ಎಲ್ಲ ಲೆಕ್ಕಗಳಿಗೂ ಪೂರ್ತಿ ಅಂಕ ತೆಗೆದುಕೊಂಡ. ಕೋಡ್ ತೆರೆದು ನೋಡಿದರೆ ಲೆಕ್ಕ ಮಾಡುವ ಒಂದು ಸಾಲೂ ಇಲ್ಲ. ಫೋಲ್ಡರ್‌ನಲ್ಲಿ ಏನಿದೆ ಎಂದು ನೋಡಿದ್ದಾನೆ, ಉತ್ತರದ ಫೈಲ್ ಸಿಕ್ಕಿದೆ, ತೆರೆದು ಹಾಗೇ ಪ್ರಿಂಟ್ ಮಾಡಿದ್ದಾನೆ. ಫೈಲ್ ಕೆಲಸಕ್ಕೆ ವಾಸ್ಮ್‌ಗೆ ವಾಸಿ ಎಂಬ ವ್ಯವಸ್ಥೆ ಇದೆ (ಹೆಸರು ಕೇಳಿದರೆ ಜ್ವರ ಬಿಟ್ಟ ಹಾಗೆ ಅನ್ನಿಸುತ್ತದೆ, ಇರಲಿ). ಅದರಲ್ಲಿ ನಾವು ತೋರಿಸಿದ ಫೋಲ್ಡರ್ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ನಾನು ಪ್ರಶ್ನೆಯ ಇನ್‌ಪುಟ್ ಓದಲಿ ಎಂದು ಟೆಸ್ಟ್ ಫೋಲ್ಡರ್ ತೋರಿಸಿದ್ದೆ, ಉತ್ತರವೂ ಅದರಲ್ಲೇ ಇತ್ತು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು. ಗೋಡೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಎರಡನೆಯದು ನಿದ್ದೆ. ಮುಗಿಯದ ಲೂಪ್ ಬಂದರೆ ಏನು ಮಾಡುವುದು ಎಂದು ಯೋಚಿಸಿ ಫ್ಯುಯೆಲ್ ಹಾಕಿದ್ದೆ. ಲೂನಾಗೆ ಅರ್ಧ ಲೀಟರ್ ಪೆಟ್ರೋಲ್ ಹಾಕಿ ಬಿಟ್ಟ ಹಾಗೆ ಇದು, ಹೆಚ್ಚುಕಡಿಮೆ ಒಂದು ಆದೇಶಕ್ಕೆ ಒಂದು ಹನಿ, ಖಾಲಿಯಾದರೆ ಗಾಡಿ ನಿಂತಿತು. ಇದರ ಬದಲು ಹೊರಗಿನಿಂದ ಆಗಾಗ ಒಂದು ಕೌಂಟರ್ ಹೆಚ್ಚಿಸುತ್ತಾ, ಗಡುವು ಮುಗಿದರೆ ನಿಲ್ಲಿಸುವ ಇಪೋಕ್ ಎಂಬ ದಾರಿಯೂ ಇದೆ, ಅದು ವೇಗದ್ದು. ಆದರೆ ಸ್ಪರ್ಧೆಗೆ ಫ್ಯುಯೆಲ್ಲೇ ಸರಿ ಎಂದು ನನ್ನ ಅಭಿಪ್ರಾಯ. ಸರ್ವರ್ ಮೇಲೆ ಭಾರ ಜಾಸ್ತಿ ಇದ್ದರೂ ಕಡಿಮೆ ಇದ್ದರೂ ಒಂದೇ ಕೋಡ್‌ಗೆ ಒಂದೇ ತೀರ್ಪು ಬರುತ್ತದೆ. ಸರಿ, ಹುಡುಗನೊಬ್ಬ ಲೂಪ್ ಹಾಕಲಿಲ್ಲ, ಸ್ಲೀಪ್ ಹಾಕಿದ. ಒಂದು ಗಂಟೆಗೆ. ಸ್ಲೀಪ್ ನಡೆಯುವುದು ವಾಸ್ಮ್ ಒಳಗಲ್ಲ, ನನ್ನ ಕಡೆಯ ಫಂಕ್ಷನ್‌ನಲ್ಲಿ. ಮಲಗಿದವನು ಪೆಟ್ರೋಲ್ ಸುಡುವುದಿಲ್ಲ. ಇಪೋಕ್ ಇದ್ದಿದ್ದರೂ ಅದು ನಿಲ್ಲುತ್ತಿರಲಿಲ್ಲ, ಯಾಕೆಂದರೆ ಕೌಂಟರ್ ನೋಡುವುದೂ ವಾಸ್ಮ್ ಕೋಡೇ. ಅದನ್ನೇ ನಾಲ್ಕು ಸಲ ಕಳಿಸಿದ, ಕೋಡ್ ಓಡಿಸುವ ನನ್ನ ನಾಲ್ಕೂ ವರ್ಕರ್‌ಗಳು ಗೊರಕೆ ಹೊಡೆಯತೊಡಗಿದವು, ಕ್ಯೂ ನಿಂತೇ ಹೋಯಿತು. ಯಾಕಪ್ಪಾ ಎಂದು ಗೆಳೆಯ ಕೇಳಿದರೆ, "ಸುಮ್ನೆ ನೋಡಿದ್ದು ಸಾರ್."

ಮೂರನೆಯದು ನನ್ನ ನಿಜವಾದ ಪಾಪ. ಹುಡುಗರಿಗೆ ಡೀಬಗ್ ಮಾಡಲು ಅನುಕೂಲವಾಗಲಿ ಎಂದು ನಾನೇ ಒಂದು ಲಾಗ್ ಫಂಕ್ಷನ್ ಬರೆದು ಕೊಟ್ಟಿದ್ದೆ. ಅದಕ್ಕೆ ಎರಡು ಸಂಖ್ಯೆ ಬರುತ್ತವೆ, ಸಂದೇಶ ಎಲ್ಲಿ ಶುರು, ಎಷ್ಟು ಉದ್ದ. ಎರಡನ್ನೂ ಕೂಡಿಸಿ, ಮೊತ್ತ ಆ ಮಾಡ್ಯೂಲ್‌ನ ಮೆಮೊರಿಯ ಅಳತೆಗಿಂತ ದೊಡ್ಡದಿದ್ದರೆ ಬೈದು ಕಳಿಸು, ಇಲ್ಲದಿದ್ದರೆ ಓದು. ಇಷ್ಟೇ ಚೆಕ್. ಒಬ್ಬಳು ಹುಡುಗಿಯ ಕೋಡ್‌ನಲ್ಲಿ ಏನೋ ತಪ್ಪಾಗಿ ಉದ್ದದ ಜಾಗಕ್ಕೆ -1 ಬಂತು. ಅವಳದು ಕಿಡಿಗೇಡಿತನವಲ್ಲ, ಪಾಪ, ಬರೀ ಬಗ್. ಆದರೆ ಚಿಹ್ನೆ ಇಲ್ಲದ 32 ಬಿಟ್‌ನಲ್ಲಿ -1 ಅಂದರೆ 4294967295. ಶುರುವಿನ ಜಾಗ 1500 ಎಂದಿಟ್ಟುಕೊಳ್ಳಿ. ಕೂಡಿಸಿದರೆ ಸಂಖ್ಯೆ 32 ಬಿಟ್‌ನಲ್ಲಿ ಹಿಡಿಸದೆ ಸುತ್ತು ಹೊಡೆದು 1499 ಆಗುತ್ತದೆ. ನನ್ನ ಚೆಕ್ ಅದನ್ನು ನೋಡಿ, ಅಯ್ಯೋ ಇಷ್ಟೇನಾ, ಹೋಗು ಎಂದಿತು. ರಸ್ಟ್‌ನಲ್ಲಿ ಪರೀಕ್ಷೆಗೆ ಕಟ್ಟುವ ಡೀಬಗ್ ಬಿಲ್ಡ್ ಆಗಿದ್ದರೆ ಕೂಡಿಸುವಾಗಲೇ ಪ್ಯಾನಿಕ್ ಆಗಿ, ಅಂದರೆ ತಪ್ಪು ಹೇಳಿ ನಿಂತು, ಗೊತ್ತಾಗುತ್ತಿತ್ತು, ನಿಜವಾದ ಬಳಕೆಗೆ ಕಟ್ಟುವ ರಿಲೀಸ್ ಬಿಲ್ಡ್‌ನಲ್ಲಿ ಮಾಮೂಲಾಗಿ ಸದ್ದಿಲ್ಲದೆ ಸುತ್ತುತ್ತದೆ. ಓದುವ ಮುಂಚೆ ಗಡಿ ನೋಡುವ ರಸ್ಟ್‌ನ ಸ್ಲೈಸ್ ಬಳಸಿದ್ದರೂ ಅದು ತಡೆಯುತ್ತಿತ್ತು. ನಾನೋ, ಸ್ಪೀಡ್ ಬರಲಿ ಎಂದು ಅನ್‌ಸೇಫ್ ಹಾಕಿ, ಅಂದರೆ ರಸ್ಟ್‌ನ ಆ ಕಾವಲು ಬದಿಗಿಟ್ಟು, ನೇರ ಪಾಯಿಂಟರ್‌ನಿಂದ ಓದುತ್ತಿದ್ದೆ. ಯಾವ ಸ್ಪೀಡೋ, ದೇವರಿಗೇ ಗೊತ್ತು.

ಓದು ಮೆಮೊರಿಯ ಕೊನೆ ದಾಟಿ ಆ ಖಾಲಿ ವಿಳಾಸಕ್ಕೆ ಬಿತ್ತು. ಕಾವಲು ಕೆಲಸ ಮಾಡಿತು, ಬೇರೆಯವರ ಡೇಟಾ ಸೋರಲಿಲ್ಲ. ಆದರೆ ಈ ಸಲ ಬಿದ್ದದ್ದು ವಾಸ್ಮ್ ಕೋಡ್ ಅಲ್ಲ, ನನ್ನ ಕೋಡ್. ತಾನು ತಯಾರಿಸಿದ ಕೋಡ್ ಬಿದ್ದರೆ ಮಾತ್ರ ವಾಸ್ಮ್‌ಟೈಮ್ ಹಿಡಿಯುತ್ತದೆ, ನಾನು ಬಿದ್ದರೆ ಯಾರು ಹಿಡಿಯಬೇಕು? ಇಡೀ ಪ್ರೋಸೆಸ್ ಸತ್ತಿತು, ಅದರ ಜೊತೆಗೆ ಆ ಹೊತ್ತಿಗೆ ಓಡುತ್ತಿದ್ದ ಎಲ್ಲರದ್ದೂ. ಗೆಳೆಯನ ಫೋನ್ ಬಂತು. ಅವನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಓದಿದಾಗ ತಿಳಿಯಿತು, ಈ ಬಾಗಿಲಿನ ಕಾಟವನ್ನು ಫೈರ್‌ಫಾಕ್ಸ್‌ನವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂದು. 2021ರ ಡಿಸೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 95ರಲ್ಲಿ ಸ್ಪೆಲ್ಲಿಂಗ್ ನೋಡುವ ಹನ್‌ಸ್ಪೆಲ್, ಫಾಂಟ್‌ನ ಗ್ರಾಫೈಟ್, ಆಡಿಯೋ ವಿಡಿಯೋದ ಆಗ್ ಲೈಬ್ರರಿಗಳನ್ನು ಮೊದಲು ವಾಸ್ಮ್‌ಗೆ, ಅಲ್ಲಿಂದ ಮತ್ತೆ ಸಿ ಭಾಷೆಗೆ ತಿರುಗಿಸಿ, ಬ್ರೌಸರ್ ಒಳಗೇ ಗೋಡೆ ಕಟ್ಟಿ ಕೂರಿಸಿದರು. ಇದಕ್ಕೆ ಬಳಸಿದ ಆರ್‌ಎಲ್‌ಬಾಕ್ಸ್ ಎಂಬ ಸಲಕರಣೆಯಲ್ಲಿ ಗೋಡೆ ಅರ್ಧ ಕೆಲಸ ಅಷ್ಟೇ. ಒಳಗಿನಿಂದ ಬಂದ ಪ್ರತಿಯೊಂದು ಸಂಖ್ಯೆಗೂ "ಮೈಲಿಗೆ" ಎಂಬ ಗುರುತು ಅಂಟಿರುತ್ತದೆ, ಅದನ್ನು ಪರೀಕ್ಷೆ ಮಾಡದೆ ಬಳಸಿದರೆ ಕೋಡ್ ಕಂಪೈಲೇ ಆಗುವುದಿಲ್ಲ. ಮೈಲಿಗೆ ನನ್ನ ಅನುವಾದ, ಅಜ್ಜಿ ಇದ್ದಿದ್ದರೆ ತಕ್ಷಣ ಅರ್ಥವಾಗುತ್ತಿತ್ತು. ಅಂಥದ್ದೊಂದು ಇದ್ದಿದ್ದರೆ ಆ ಹುಡುಗಿಯ -1 ನನ್ನ ಬಾಗಿಲಲ್ಲೇ ನಿಲ್ಲುತ್ತಿತ್ತು.

ಹಾಗಂತ ಗೋಡೆ ಯಾವತ್ತೂ ಬೀಳುವುದಿಲ್ಲ ಎಂದೂ ಅಲ್ಲ. 2023ರ ಮಾರ್ಚ್‌ನಲ್ಲಿ ಸಿವಿಇ-2023-26489 ಎಂಬ ದೋಷ ಹೊರಬಂತು. ವಾಸ್ಮ್‌ಟೈಮ್‌ನ ಕಂಪೈಲರ್ ಕ್ರೇನ್‌ಲಿಫ್ಟ್, ಎಕ್ಸ್86-64 ಮಷೀನ್‌ಗಳಲ್ಲಿ 33 ಬಿಟ್ ವಿಳಾಸ (32 ಬಿಟ್‌ನ ಪಾಯಿಂಟರ್‌ಗೆ ಆದೇಶದಲ್ಲೇ ಇರುವ ಇನ್ನೊಂದು 32 ಬಿಟ್‌ನ ಸಂಖ್ಯೆ ಕೂಡಿದರೆ ಅಷ್ಟಾಗುತ್ತದೆ) ಲೆಕ್ಕ ಹಾಕಬೇಕಾದ ಕಡೆ ಕೆಲವೊಮ್ಮೆ 35 ಬಿಟ್ ಲೆಕ್ಕ ಹಾಕುತ್ತಿತ್ತು. ಕಾವಲು ಇದ್ದದ್ದು ಸುಮಾರು 6 ಜಿಬಿವರೆಗೆ, ಕೈ ಹೋಗುತ್ತಿದ್ದದ್ದು ಸುಮಾರು 34 ಜಿಬಿವರೆಗೆ. ಮಧ್ಯೆ ಏನಿರುತ್ತದೋ ಅದು ಆ ಮಾಡ್ಯೂಲ್‌ನ ಪಾಲಿಗೆ ಬಯಲು. ಬೇಗ ಸರಿಮಾಡಿ 6.0.1 ಆವೃತ್ತಿ ಕೊಟ್ಟರು. ಎಷ್ಟು ಜೋಪಾನವಾಗಿ ಬರೆದ ಕಂಪೈಲರ್‌ನಲ್ಲೂ ಒಂದು ಗುಣಾಕಾರ ತಪ್ಪಬಹುದು.

ಎರಡನೇ ಸುತ್ತಿಗೆ ಎಲ್ಲ ಬಿಚ್ಚಿ ಕಟ್ಟಿದೆ. ಒಂದು ಸಬ್‌ಮಿಷನ್‌ಗೆ ಒಂದು ಪ್ರೋಸೆಸ್, ಅದರೊಳಗೆ ವಾಸ್ಮ್‌ಟೈಮ್. ಲಿನಕ್ಸ್‌ನ ಸೆಕ್‌ಕಾಂಪ್ ಬೇಡದ ಸಿಸ್ಟಂ ಕಾಲ್‌ಗಳನ್ನು, ಅಂದರೆ ಆಪರೇಟಿಂಗ್ ಸಿಸ್ಟಂಗೆ ಹೋಗುವ ಕೋರಿಕೆಗಳನ್ನು, ಮುಚ್ಚುತ್ತದೆ, ಸಿಗ್ರೂಪ್ ಮೆಮೊರಿಗೆ ಮಿತಿ ಹಾಕುತ್ತದೆ, ಗಡಿಯಾರ ನೋಡಿ ಹತ್ತು ಸೆಕೆಂಡಿಗೆ ಹೊರಗಿನಿಂದ ಕೊಲ್ಲುತ್ತೇನೆ, ಮಲಗಿದ್ದರೂ ಸರಿ. ಫೋಲ್ಡರ್ ಇಲ್ಲವೇ ಇಲ್ಲ, ಇನ್‌ಪುಟ್ ಪೈಪ್‌ನಲ್ಲಿ ಹೋಗುತ್ತದೆ. ಸಮಯ ಕೇಳಿದರೆ ಯಾವಾಗಲೂ ಒಂದೇ ಸಮಯ ಹೇಳುತ್ತೇನೆ. ಪ್ರಿಂಟ್ ಮಾಡಿದ್ದಕ್ಕೂ ಮಿತಿ ಇದೆ, ಯಾಕೆಂದರೆ ಔಟ್‌ಪುಟ್ ತುಂಬಿಕೊಳ್ಳುವುದು ನನ್ನ ಕಡೆಯ ಮೆಮೊರಿಯಲ್ಲಿ, ಮಾಡ್ಯೂಲ್‌ಗೆ ಹಾಕಿದ ಮಿತಿ ಅದಕ್ಕೆ ತಗಲುವುದಿಲ್ಲ. ಪ್ರೋಸೆಸ್ ಶುರು ಮಾಡುವ ಖರ್ಚಿನಿಂದ ಜಡ್ಜ್ ಸ್ವಲ್ಪ ನಿಧಾನವಾಗಿದೆ, ಅದು ಯಾರ ಗಮನಕ್ಕೂ ಬಂದ ಹಾಗಿಲ್ಲ. ಲಾಗ್ ಫಂಕ್ಷನ್ ಕಿತ್ತು ಹಾಕಿದೆ.

ಉತ್ತರದ ಫೈಲ್ ತೆರೆದ ಹುಡುಗನಿಗೆ ಆ ಸುತ್ತಿನಲ್ಲಿ ಸೊನ್ನೆ ಸಿಕ್ಕಿತು. ಈ ವರ್ಷದ ಸ್ಪರ್ಧೆಗೆ ಅವನನ್ನು ಸೇರಿಸಿಕೊಂಡಿಲ್ಲ. ಅದರ ಬದಲು ಎರಡು ದಿನ ಮುಂಚೆ ಜಡ್ಜ್ ಅವನ ಕೈಗೆ ಕೊಡುತ್ತೇವೆ, ಒಡೆದು ತೋರಿಸು ಎಂದು. ನಿನ್ನೆ ಮೆಸೇಜ್ ಮಾಡಿದ್ದ: "ಅಣ್ಣಾ, ದೊಡ್ಡ ಮಾಡ್ಯೂಲ್ ಕಳಿಸಿದ್ರೆ ಕಂಪೈಲ್ ಮಾಡೋಕೆ ಎಷ್ಟು ಟೈಮ್ ಬಿಡ್ತೀರಾ?" ಓಡಿಸುವುದಕ್ಕೆ ಮಾತ್ರ ಗಡುವು ಇಟ್ಟಿದ್ದೆ. ವಾಸ್ಮ್ ಅನ್ನು ಮಷೀನ್ ಭಾಷೆಗೆ ತಿರುಗಿಸುವ ಕಂಪೈಲ್ ಇನ್ನೂ ಮುಖ್ಯ ಸರ್ವರ್‌ನಲ್ಲೇ ನಡೆಯುತ್ತಿತ್ತು. ಇವತ್ತು ಬೆಳಿಗ್ಗೆ ಅದನ್ನೂ ಒಳಗಿನ ಪ್ರೋಸೆಸ್‌ಗೆ ತಳ್ಳಿದೆ.