ಅತ್ತೆಯ ಫುಲ್ ತೋಳಿನ ಅಂಗಿ

ಇವತ್ತು ಅತ್ತೆಯ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ವಿಟಮಿನ್ ಡಿ ಕಡಿಮೆಯಂತೆ. ಬದಿಯಡ್ಕದ ಈ ಬಿಸಿಲಲ್ಲಿ!

ಅಂಗಳದಲ್ಲಿ ಅಡಿಕೆ ಮಗುಚುವವರು ಅವರೇ. ಆದರೆ ವೇಷ ನೋಡಬೇಕು. ಸೀರೆಯ ಮೇಲೆ ಮಾವನ ಹಳೇ ಫುಲ್ ತೋಳಿನ ಅಂಗಿ, ಕುತ್ತಿಗೆವರೆಗೆ ಗುಂಡಿ, ತಲೆಗೆ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ. ಬಿಸಿಲು ಬೀಳುವುದೆಲ್ಲಿಗೆ?

ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತಲ್ಲಿ ಬಿಸಿಲಿನ ಯುವಿ-ಬಿ ಎಂಬ ಅತಿನೇರಳೆ ಕಿರಣ ಜಾಸ್ತಿ. ಚರ್ಮದಲ್ಲಿ ಡಿ ತಯಾರಾಗುವುದು ಅದರಿಂದಲೇ, ಚರ್ಮ ಸುಡುವುದೂ ಅದರಿಂದಲೇ. ನಮ್ಮ ಕಂದು ಚರ್ಮ ಬೇಗ ಸುಡಲ್ಲ, ಡಿ ಮಾಡುವುದೂ ನಿಧಾನ. ಹಾಗಂತ ಮಧ್ಯಾಹ್ನವಿಡೀ ಸುಮ್ನೆ ಒಣಗಬೇಕಾಗಿಲ್ಲ, ಅದು ಅಡಿಕೆಯ ಪಾಡು.

ಚಾವಡಿಯ ಗಾಜಿನ ಕಿಟಕಿ ಹತ್ತಿರ ಕೂತರೆ ಸಾಕಲ್ವಾ ಅಂದರು ಮಾವ. ಸಾಲದು. ಗಾಜು ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಸುಕ್ಕು ತರುವ ಯುವಿ-ಎ ಮಾತ್ರ ಧಾರಾಳ ಒಳಗೆ. ಎಂಥ ಅನ್ಯಾಯ!

ಮುಟ್ಟಾಳೆ ಇರಲಿ, ಮುಖಕ್ಕೆ ಅದು ಒಳ್ಳೆಯದೇ. ಡಾಕ್ಟರು ಕೊಟ್ಟ ಮಾತ್ರೆಯೂ ಇರಲಿ. ತೋಳು ಮಾತ್ರ ಮೊಣಕೈವರೆಗೆ ಸ್ವಲ್ಪ ಹೊತ್ತು ಮಡಚಿ ಅಂದೆ.

"ಮಾತ್ರೆ ನುಂಗ್ತೇನೆ. ತೋಳು ಮಡಚಿದ್ರೆ ಕೈ ಕಪ್ಪಾಗ್ತದೆ ಮಾರಾಯ್ತಿ!"

ಎಪ್ಪತ್ತರ ಹತ್ತಿರ ಬಂದವರ ಚಿಂತೆ ನೋಡಿ.