ಗುಡ್ಡ ಗೊತ್ತಿರುವ ಕುರಿಗಳ ಊರಿನಲ್ಲಿ

ನಾನಿರುವ ಊರಿನ ಹೆಸರನ್ನು ಕೆಸ್ವಿಕ್ ಎಂದು ಬರೆಯುತ್ತಾರೆ, ಕೆಝಿಕ್ ಎಂದು ಕರೆಯುತ್ತಾರೆ. ಇಂಗ್ಲೆಂಡಿನ ಉತ್ತರದ ಮೂಲೆ, ಕಂಬ್ರಿಯಾ ಸೀಮೆ. ಸುಮಾರು ಐದು ಸಾವಿರ ಜನ. ಊರು ಮುಗಿದ ಕಡೆ ಡರ್ವೆಂಟ್‌ವಾಟರ್ ಎನ್ನುವ ಸರೋವರ ಶುರುವಾಗುತ್ತದೆ. ಸರೋವರ ಮುಗಿದ ಕಡೆ ಬಾರೋಡೇಲ್ ಕಣಿವೆ. ಸುತ್ತ ಎಲ್ಲಿ ನೋಡಿದರೂ ಬೆಟ್ಟ. ಇಲ್ಲಿನ ಒಂದು ಕೇರ್ ಹೋಮ್‌ನಲ್ಲಿ ನಾನು ನರ್ಸ್. ಬಂದು ಇದು ನಾಲ್ಕನೇ ವರ್ಷ.

ಫೋಟೋ ಹಾಕಿದಾಗಲೆಲ್ಲ ಸೋಮವಾರಪೇಟೆಯ ಗೆಳತಿಯರು "ಸ್ವರ್ಗದಲ್ಲಿದ್ದೀಯ ಬಿಡೇ" ಎನ್ನುತ್ತಾರೆ. ಈ ಮಾತು ನಮಗೆ ಹೊಸದಲ್ಲ, ಅಲ್ವಾ? ಮಡಿಕೇರಿಗೆ ಎರಡು ದಿನಕ್ಕೆ ಬಂದವರು ನಮಗೆ ಹೇಳಿ ಹೋಗುವುದೂ ಇದನ್ನೇ. ನೋಡಲು ಬಂದವರಿಗೆ ಕಾಣುವ ಊರು ಒಂದು, ಅಲ್ಲೇ ಇರುವವರಿಗೆ ಸಿಗುವ ಊರು ಇನ್ನೊಂದು. ನಾನು ಮೊದಲು ಬಂದದ್ದು ಜುಲೈನಲ್ಲಿ, ನೋಡುವವಳಾಗಿ. ರಾತ್ರಿ ಹತ್ತರವರೆಗೂ ಬೆಳಕು, ನೀರಿನ ಮೇಲೆ ದೋಣಿಗಳು. ಕೆಲಸ ಸಿಕ್ಕಿ ನವೆಂಬರ್‌ನಲ್ಲಿ ಮನೆ ಮಾಡಿದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಆಮೇಲೆಯೇ ಊರು ಗೊತ್ತಾಗಲು ಶುರುವಾದದ್ದು.

ನಮ್ಮ ಸೋಮವಾರಪೇಟೆಯ ಹಾಗೆ ಇದೂ ಸಂತೆಯ ಊರು. 1276ರಲ್ಲಿ ರಾಜ ಒಂದನೇ ಎಡ್ವರ್ಡ್ ಇಲ್ಲಿ ಸಂತೆ ನಡೆಸಲು ಅಪ್ಪಣೆ ಕೊಟ್ಟನಂತೆ. ಈಗಲೂ ಗುರುವಾರ ಮತ್ತು ಶನಿವಾರ ಪೇಟೆಯ ನಡುವೆ ಅಂಗಡಿ ಹಾಕುತ್ತಾರೆ. ನಡುವೆಯೇ ಮೂಟ್ ಹಾಲ್ ಎನ್ನುವ ಕಟ್ಟಡ ಇದೆ, 1813ರದ್ದು. ಅದರ ಗಡಿಯಾರಕ್ಕೆ ಒಂದೇ ಮುಳ್ಳು. ಗಂಟೆ ತಿಳಿಯುತ್ತದೆ, ನಿಮಿಷವನ್ನು ನೀವೇ ಅಂದಾಜು ಮಾಡಿಕೊಳ್ಳಬೇಕು. ಹಳೆಯ ಮನೆಗಳೆಲ್ಲ ಸ್ಲೇಟ್ ಕಲ್ಲಿನವು. ನಾವು ಒಂದನೇ ಕ್ಲಾಸಿನಲ್ಲಿ ಬಳಪ ಹಿಡಿದು ಬರೆಯುತ್ತಿದ್ದೆವಲ್ಲ, ಅದೇ ಜಾತಿಯ ಕಲ್ಲು. ಮಳೆ ಬಿದ್ದ ಕೂಡಲೇ ಬೂದು ಬಣ್ಣ ಹೋಗಿ ಹಸಿರು ಮಿಂಚುತ್ತದೆ. ಆ ಹೊತ್ತಿಗೆ ಊರು ತುಂಬ ಚೆನ್ನಾಗಿ ಕಾಣುತ್ತದೆ.

ಪೆನ್ಸಿಲ್ ಕೂಡ ಈ ಊರಿನ ಹೆಮ್ಮೆ. 1500ರ ದಶಕಗಳಲ್ಲಿ ಬಾರೋಡೇಲ್ ಬೆಟ್ಟದಲ್ಲಿ ಗ್ರಾಫೈಟ್ ಸಿಕ್ಕಿತು. ಕುರಿ ಕಾಯುವವರು ಮೊದಲು ಅದರಿಂದ ಕುರಿಗಳಿಗೆ ಗುರುತು ಹಾಕುತ್ತಿದ್ದರಂತೆ. 1832ರಿಂದ ಇಲ್ಲಿ ಪೆನ್ಸಿಲ್ ಫ್ಯಾಕ್ಟರಿ ಇತ್ತು. 2008ರಲ್ಲಿ ಅದು ಬೇರೆ ಊರಿಗೆ ಹೋಯಿತು. ಈಗ ಉಳಿದಿರುವುದು ಮ್ಯೂಸಿಯಂ. ಮಕ್ಕಳನ್ನು ಕರೆದುಕೊಂಡು ಬಂದರೆ ತಪ್ಪಿಸಬೇಡಿ.

ಇನ್ನೊಂದು ಜಾಗ ಕ್ಯಾಸಲ್‌ರಿಗ್. ಬೆಟ್ಟಗಳ ನಡುವೆ ಬಯಲು, ಬಯಲಲ್ಲಿ ಸುಮಾರು ನಲವತ್ತು ಕಲ್ಲುಗಳ ವೃತ್ತ. ವಯಸ್ಸು ನಾಲ್ಕೂವರೆ ಸಾವಿರ ವರ್ಷಕ್ಕೂ ಜಾಸ್ತಿ. ಟಿಕೆಟ್ ಇಲ್ಲ, ಬೇಲಿಯೂ ಅಡ್ಡ ಇಲ್ಲ. ಅಲ್ಲಿ ಕುರಿಗಳು ಕಲ್ಲಿಗೆ ಮೈ ಉಜ್ಜಿಕೊಂಡು ಮೇಯುತ್ತಿರುತ್ತವೆ. ಬೆಳಿಗ್ಗೆ ಬೇಗ, ಮಂಜು ಏಳುವ ಮೊದಲು ಹೋಗಿ. ಲಂಡನ್ನಿನಿಂದ ಬರುವವರು ಪೆನ್ರಿತ್‌ವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ ಹಿಡಿದರೆ ಸಾಕು. ಕಾರು ಬೇಡ. ಇಲ್ಲಿನ ರಸ್ತೆಗಳು ನಮ್ಮ ತೋಟದ ರಸ್ತೆಗಳಷ್ಟೇ ಕಿರಿದು, ಎರಡೂ ಕಡೆ ಕಲ್ಲಿನ ಗೋಡೆ ಬೇರೆ.

ಮಳೆ ಬಗ್ಗೆ ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಜನ ವಾಸವಿರುವ ಜಾಗಗಳಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ಎನ್ನುತ್ತಾರೆ. ಅದು ನಮ್ಮ ಕಣಿವೆಯ ತುದಿಯಲ್ಲೇ ಇದೆ. ಲಂಡನ್ ಕಡೆಯ ಗೆಳತಿಯರು ಇಲ್ಲಿ ಹೇಗಿರುತ್ತೀಯ ಎಂದು ಕೇಳುತ್ತಾರೆ. ಶಾಂತಳ್ಳಿ ಕಡೆಯ ಜಡಿಮಳೆ ಕಂಡವಳಿಗೆ ಇದು ಕಷ್ಟವೇ ಅಲ್ಲ. ವ್ಯತ್ಯಾಸ ಒಂದೇ. ನಮ್ಮ ಮಳೆಗೆ ಸದ್ದು ಇದೆ, ಹೆಂಚಿನ ಮೇಲೆ ಬಿದ್ದರೆ ಪಕ್ಕದವರ ಮಾತು ಕೇಳುವುದಿಲ್ಲ. ಇಲ್ಲಿಯದು ಮೆತ್ತಗೆ ಬಂದು ವಾರಗಟ್ಟಲೆ ನಿಲ್ಲುತ್ತದೆ. ಬಟ್ಟೆ ಒಣಗದ ಕಷ್ಟ ಮಾತ್ರ ಎರಡು ಕಡೆಯೂ ಒಂದೇ. ಕಕ್ಕಡದ ತಿಂಗಳಲ್ಲಿ ಮದ್ದು ಸೊಪ್ಪಿನ ಪಾಯಸ, ಕಣಿಲೆ ಪಲ್ಯ ನೆನಪಾಗಿ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅದಕ್ಕೆ ಇಲ್ಲಿ ಪರಿಹಾರ ಇಲ್ಲ.

ಈ ಸೀಮೆಯನ್ನು ಲೇಕ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಆದರೆ ಹೆಸರಿನಲ್ಲೇ 'ಲೇಕ್' ಇರುವುದು ಬ್ಯಾಸೆಂತ್‌ವೇಟ್ ಒಂದಕ್ಕೆ. ಉಳಿದವೆಲ್ಲ 'ವಾಟರ್', ಇಲ್ಲವೇ 'ಮಿಯರ್'. ನಾವು ಕೆರೆ, ಕಟ್ಟೆ, ಹೊಂಡ ಎಂದು ಬೇರೆ ಬೇರೆ ಕರೆದ ಹಾಗೆ. ಈ ಸಲದ ಗೌರಿ ಹಬ್ಬದ ದಿನ ಅವ್ವ ದೊಡ್ಡಮಳ್ತೆಯಿಂದ ಫೋನ್ ಮಾಡಿದಳು. ಹೊನ್ನಮ್ಮನ ಕೆರೆಗೆ ಬಾಗಿನ ಬಿಟ್ಟು ಆಗತಾನೇ ದಡಕ್ಕೆ ಬಂದಿದ್ದಳು. ನೀರು ಬರಲಿ ಎಂದು ತನ್ನನ್ನೇ ಕೊಟ್ಟ ಹೊನ್ನಮ್ಮನ ಕತೆ ಕೇಳಿಯೇ ಬೆಳೆದವಳು ನಾನು. "ನಿಮ್ಮೂರಲ್ಲೂ ಕೆರೆ ಇದೆ ಅಂತೀಯಲ್ಲ. ಹೋಗಿ ಕೈ ಮುಗಿದು ಬಾ" ಎಂದಳು. ಸಂಜೆ ಡ್ಯೂಟಿ ಮುಗಿಸಿ ಹೋದೆ. ಇಲ್ಲಿ ನೀರಿಗೆ ಏನನ್ನೂ ಬಿಡುವ ಹಾಗಿಲ್ಲ. ಅದು ಸರಿಯೂ ಹೌದು. ಕೈ ಮುಗಿದು ಸುಮ್ನೆ ನಿಂತೆ.

ಆ ದಡದಲ್ಲಿ ನಿಲ್ಲಲು ನನಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅದಕ್ಕೂ ಒಂದು ಕಾರಣ ಇದೆ. ನೂರಿಪ್ಪತ್ತು ವರ್ಷದ ಹಿಂದೆ ಈ ದಡಗಳೆಲ್ಲ ಶ್ರೀಮಂತರ ಬಂಗಲೆಗಳ ಪಾಲಾಗುವುದರಲ್ಲಿತ್ತು. ಕೆಸ್ವಿಕ್ ಪಕ್ಕದ ಕ್ರಾಸ್‌ತ್ವೇಟ್ ಚರ್ಚಿನ ಪಾದ್ರಿ ಹಾರ್ಡ್ವಿಕ್ ರಾನ್ಸ್‌ಲಿ ಅದಕ್ಕೆ ಅಡ್ಡ ನಿಂತರು. ಇಂಥ ಜಾಗಗಳನ್ನು ಎಲ್ಲರಿಗಾಗಿ ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು 1895ರಲ್ಲಿ ಕಟ್ಟಿದ ಮೂವರಲ್ಲಿ ಅವರೂ ಒಬ್ಬರು. 1902ರಲ್ಲಿ ಜನರಿಂದ ಚಂದಾ ಎತ್ತಿ ಪಶ್ಚಿಮ ದಡದ ಬ್ರ್ಯಾಂಡಲ್‌ಹೌ ಕಾಡನ್ನು, ನೂರು ಎಕರೆಗೂ ಸ್ವಲ್ಪ ಜಾಸ್ತಿ, ಎಲ್ಲರಿಗಾಗಿ ಕೊಂಡರು. ಇವತ್ತಿಗೂ ಅಲ್ಲಿ ಯಾರು ಬೇಕಾದರೂ ನಡೆಯಬಹುದು. ನಮ್ಮ ದೇವರಕಾಡುಗಳನ್ನು ಊರಿನವರು ಕಾಯ್ದುಕೊಂಡು ಬಂದದ್ದು ನನಗೆ ನೆನಪಾಗುತ್ತದೆ. ಅಲ್ಲಿ ದೇವರ ಭಯ ಕಾಯಿತು, ಇಲ್ಲಿ ಚಂದಾ ಪುಸ್ತಕ ಕಾಯಿತು.

ಈಗ ಕುರಿಯ ವಿಷಯ. ಇದನ್ನು ಬರೆಯಲೆಂದೇ ಕುಳಿತದ್ದು.

ಇಲ್ಲಿನ ಕುರಿಯ ಜಾತಿ ಹರ್ಡ್‌ವಿಕ್. ಮರಿ ಹುಟ್ಟುವಾಗ ಕಪ್ಪು. ದೊಡ್ಡದಾಗುತ್ತಾ ಮೈ ಬೂದಿ ಬಣ್ಣ, ಮುಖ ಬಿಳಿ. ನಮ್ಮ ಕೇರ್ ಹೋಮ್‌ನಲ್ಲಿ ಒಬ್ಬ ಅಜ್ಜ ಇದ್ದಾರೆ, ಎಂಬತ್ತು ದಾಟಿದವರು, ಜೀವನವಿಡೀ ಬೆಟ್ಟದಲ್ಲಿ ಕುರಿ ಸಾಕಿದವರು. ನನ್ನನ್ನು 'ಲಾಸ್' ಎನ್ನುತ್ತಾರೆ, ನಮ್ಮ ಕಡೆ ಹಿರಿಯರು 'ಮಗಾ' ಅಂದ ಹಾಗೆ. ಮಾತ್ರೆ ಕೊಡುವಾಗ ಅವರು ಎಣಿಸುವುದು ಹೀಗೆ: ಯಾನ್, ತ್ಯಾನ್, ಟೆದೆರಾ, ಮೆದೆರಾ, ಪಿಂಪ್. ಅದು ಕುರಿ ಎಣಿಸಲು ಇದ್ದ ಹಳೆಯ ಲೆಕ್ಕ. ನಮ್ಮ ತಾತ ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದರು. ಅದನ್ನು ಅಜ್ಜನಿಗೆ ಹೇಳಿದೆ. ಈಗ ಅವರು ಮೊದಲ ಮಾತ್ರೆಗೆ "ಲಾಬಾ" ಎನ್ನುತ್ತಾರೆ.

ಒಂದು ದಿನ ಕಿಟಕಿಯಿಂದ ಬೆಟ್ಟ ತೋರಿಸಿ ಕೇಳಿದೆ, ಅಲ್ಲಿ ಬೇಲಿ ಇಲ್ಲವಲ್ಲ, ಒಬ್ಬರ ಕುರಿ ಇನ್ನೊಬ್ಬರ ಜಾಗಕ್ಕೆ ಹೋಗುವುದಿಲ್ಲವೇ ಎಂದು. ಅವರು ವಿವರಿಸಿದರು. ತಾಯಿ ಕುರಿ ಮರಿಯನ್ನು ತನ್ನ ಜೊತೆ ಬೆಟ್ಟಕ್ಕೆ ಕರೆದೊಯ್ಯುತ್ತದೆ. ಎಲ್ಲಿ ಮೇಯಬೇಕು, ಗಾಳಿ ಬಂದರೆ ಯಾವ ಬಂಡೆಯ ಮರೆ, ಹಿಮ ಬಿದ್ದರೆ ಎಲ್ಲಿಗೆ ಇಳಿಯಬೇಕು, ಎಲ್ಲವನ್ನೂ ಮರಿ ತಾಯಿಯ ಹಿಂದೆ ನಡೆದೇ ಕಲಿಯುತ್ತದೆ. ದೊಡ್ಡದಾಗಿ ತನ್ನ ಮರಿಗೆ ಕಲಿಸುತ್ತದೆ. ಹೀಗೆ ನೂರಾರು ವರ್ಷ. ಇದಕ್ಕೆ ಇವರು 'ಹೆಫ್ಟ್' ಎನ್ನುತ್ತಾರೆ. ಜಮೀನು ಮಾರಿದರೆ ಆ ಹಿಂಡೂ ಜಮೀನಿನ ಜೊತೆಗೇ ಹೋಗುವ ಪದ್ಧತಿ ಇದೆ. ಬೆಟ್ಟವನ್ನು ಬಲ್ಲ ಕುರಿಯನ್ನು ಬೆಟ್ಟದಿಂದ ಬಿಡಿಸಬಾರದು ಎಂದು.

ನಮ್ಮ ಮನೆಯ ಹಸುಗಳು ಬಾಣೆಯಿಂದ ಸಂಜೆ ತಾವಾಗಿಯೇ ಬರುತ್ತಿದ್ದದ್ದು ನೆನಪಾಯಿತು. ಅವ್ವ ಗೇಟು ತೆಗೆದಿಟ್ಟರೆ ಸಾಕಿತ್ತು.

2001ರಲ್ಲಿ ಇಲ್ಲಿ ಕಾಲುಬಾಯಿ ರೋಗ ಬಂತು. ಬ್ರಿಟನ್ನಿನಲ್ಲೇ ಕಂಬ್ರಿಯಾಕ್ಕೆ ಬಿದ್ದಷ್ಟು ಪೆಟ್ಟು ಬೇರೆ ಕಡೆ ಬೀಳಲಿಲ್ಲ. ರೋಗ ಬಂದ ಹಿಂಡುಗಳ ಜೊತೆಗೆ ಪಕ್ಕದ ಜಮೀನಿನ ಗಟ್ಟಿ ಹಿಂಡುಗಳನ್ನೂ ಕೊಂದರು. ಅಜ್ಜನ ಹಿಂಡೂ ಹೋಯಿತು. "ಆಮೇಲೆ ಬೇರೆ ಕಡೆಯಿಂದ ಕುರಿ ತಂದೆ, ಲಾಸ್. ಒಳ್ಳೆಯ ಕುರಿಗಳೇ. ಆದರೆ ಅವುಗಳಿಗೆ ಬೆಟ್ಟ ಗೊತ್ತಿರಲಿಲ್ಲ" ಎಂದರು. ದಿನವೂ ಎಲ್ಲೆಲ್ಲಿಗೋ ಹೋಗುತ್ತಿದ್ದವಂತೆ. ಅವರು, ಅವರ ಮಗ, ನಾಯಿ, ಮೂವರೂ ವರ್ಷಗಟ್ಟಲೆ ಬೆಟ್ಟ ಹತ್ತಿ ಅವನ್ನು ತಿರುಗಿಸಿ ತಂದರಂತೆ. ಇಷ್ಟು ಹೇಳಿ ಬಹಳ ಹೊತ್ತು ಮಾತಾಡಲಿಲ್ಲ. ನಾನು ಅವರ ಕೈ ಹಿಡಿದು ಕುಳಿತಿದ್ದೆ.

ನಮ್ಮ ಅತ್ತೆಯ ಮೌನವೂ ಹಾಗೇ ಇತ್ತು. 2018ರ ಆಗಸ್ಟ್‌ನಲ್ಲಿ ಮಾದಾಪುರದ ಕಡೆ ಅವರ ತೋಟದ ಅರ್ಧ ಗುಡ್ಡ ಜಾರಿ ಹೋಯಿತು. ಕಾಫಿ, ಮೆಣಸು, ಕೊಟ್ಟಿಗೆ ಎಲ್ಲ ಮಣ್ಣಿನ ಕೆಳಗೆ. ಕೆಸ್ವಿಕ್‌ಗೂ ಅಂಥ ದಿನ ಬಂದಿತ್ತು. 2015ರ ಡಿಸೆಂಬರ್ 5ರಂದು ಡೆಸ್ಮಂಡ್ ಎಂಬ ಬಿರುಗಾಳಿ ಬಂದಾಗ ಹತ್ತಿರದ ಹಾನಿಸ್ಟರ್ ಕಣಿವೆ ದಾರಿಯಲ್ಲಿ 24 ಗಂಟೆಯಲ್ಲಿ 341.4 ಮಿಲಿಮೀಟರ್ ಮಳೆ ಬಿತ್ತು. ಗ್ರೇಟಾ ನದಿಗೆ ಕಟ್ಟಿದ್ದ ತಡೆಗೋಡೆಯ ಮೇಲೆ ನೀರು ಹರಿದು ಮನೆಗಳಿಗೆ ನುಗ್ಗಿತು. 1972ರಲ್ಲಿ ನಿಂತುಹೋದ ರೈಲಿನ ಹಳೆಯ ದಾರಿ ಇಲ್ಲಿ ನಡೆಯುವ ದಾರಿಯಾಗಿತ್ತು. ಅದರ ಸೇತುವೆಗಳು ಕೊಚ್ಚಿ ಹೋದವು. ಐದು ವರ್ಷ ಹಿಡಿಯಿತು, ಆದರೆ 2020ರಲ್ಲಿ ಮತ್ತೆ ತೆರೆದರು. ಊರಿನವರು ಬಿಡದೆ ಕೇಳುತ್ತಲೇ ಇದ್ದದ್ದರಿಂದ ಅದು ಆಯಿತು. ಕೇಳುವುದಕ್ಕೆ ಊರಿನಲ್ಲಿ ಜನ ಇದ್ದರು.

ಈಗ ನನಗೆ ಹೆದರಿಕೆ ಇರುವುದು ಅದರ ಬಗ್ಗೆಯೇ. ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನ ನಮ್ಮ ಕೊಡಗಿಗಿಂತ ಚಿಕ್ಕದು, 2,362 ಚದರ ಕಿಲೋಮೀಟರ್. ಇರುವ ಜನ ಸುಮಾರು ನಲವತ್ತು ಸಾವಿರ. ವರ್ಷಕ್ಕೆ ಬರುವವರು ಒಂದೂವರೆ ಕೋಟಿಗೂ ಜಾಸ್ತಿ. 2017ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಪಟ್ಟಿಗೆ ಸೇರಿಸುವಾಗ ನೋಡಿದ್ದು ಬೆಟ್ಟ, ನೀರನ್ನಷ್ಟೇ ಅಲ್ಲ. ಕುರಿ ಸಾಕುವವರ ಬದುಕನ್ನೂ ನೋಡಿದರು. ಆದರೆ ಆ ಕುರಿಯವರ ಮಕ್ಕಳಿಗೇ ಇಲ್ಲಿ ಮನೆ ಕೊಳ್ಳಲು ಆಗುತ್ತಿಲ್ಲ. ಮನೆಗಳು ದೂರದವರ ರಜೆಯ ಮನೆಗಳಾಗಿವೆ. ಜನವರಿಯಲ್ಲಿ ನೈಟ್ ಡ್ಯೂಟಿಗೆ ನಡೆದು ಹೋಗುವಾಗ ಸಾಲು ಸಾಲು ಕಿಟಕಿ ಕತ್ತಲು. ಬಾಗಿಲ ಪಕ್ಕ ಬೀಗದ ಕೈ ಇಡುವ ಪುಟ್ಟ ಪೆಟ್ಟಿಗೆ. ಬರುವವರು ನಂಬರ್ ಒತ್ತಿ ಕೀ ತೆಗೆದುಕೊಳ್ಳುತ್ತಾರೆ, ಯಾರ ಮುಖವನ್ನೂ ನೋಡದೆ ಹೋಗುತ್ತಾರೆ.

ಕಳೆದ ವರ್ಷ ಅದು ನಮ್ಮ ಬಾಗಿಲಿಗೂ ಬಂತು. ಬಾಡಿಗೆ ಮನೆಯ ಮಾಲೀಕರು ಎರಡು ತಿಂಗಳಲ್ಲಿ ಖಾಲಿ ಮಾಡಿ ಎಂದರು, ರಜೆಗೆ ಬರುವವರಿಗೆ ಕೊಟ್ಟರೆ ಜಾಸ್ತಿ ಸಿಗುತ್ತದೆ ಎಂದು. ಮಗಳು ಶಾಲೆಗೆ ಹೊಂದಿಕೊಂಡಿದ್ದಳು. ಊರಿನಲ್ಲಿ ಬೇರೆ ಮನೆ ಇಲ್ಲ. ಆ ವಾರ ನಿದ್ದೆ ಬರಲಿಲ್ಲ. ಊರಿಗೆ ಫೋನ್ ಮಾಡಿದಾಗಲೂ ಯಾರಿಗೂ ಹೇಳಲಿಲ್ಲ.

ಊರಿನ ನಿಮಗೆ ನಾನು ಕೇಳುವುದು ಒಂದೇ. ಹೋಮ್‌ಸ್ಟೇ ತಪ್ಪು ಎಂದು ನಾನು ಹೇಳುವುದಿಲ್ಲ. ಕಾಫಿ ದರ ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ಅತ್ತೆ, ಮನೆಯಲ್ಲೇ ಇದ್ದು, ಬಂದವರಿಗೆ ಅಕ್ಕಿ ರೊಟ್ಟಿ ಸುಟ್ಟು ಬಡಿಸುತ್ತಾರಲ್ಲ, ಅದು ಬೇರೆ. ತೋಟವನ್ನು ತುಂಡು ತುಂಡಾಗಿ ಮಾರಿ, ವರ್ಷಕ್ಕೆ ಹತ್ತು ದಿನ ಬರುವವರ ಬಂಗಲೆ ಏಳುತ್ತದಲ್ಲ, ಅದು ಬೇರೆ. ಯಾವ ತಿಂಗಳು ಯಾವ ಝರಿ ಉಕ್ಕುತ್ತದೆ, ಯಾವ ಗುಡ್ಡ ಬಿರುಕು ಬಿಡುತ್ತದೆ ಎಂದು ಆ ಬಂಗಲೆಗೆ ಗೊತ್ತಿರುವುದಿಲ್ಲ. 2018ರಲ್ಲಿ ಅತ್ತೆಯನ್ನು ರಾತ್ರಿಯೇ ಎಬ್ಬಿಸಿ ಹೊರಗೆ ಕರೆದುಕೊಂಡು ಹೋದವರು ಪಕ್ಕದ ಮನೆಯವರು. ಝರಿಯ ನೀರು ಕೆಂಪಾದದ್ದನ್ನು ಅವರು ನೋಡಿದ್ದರು. ಪಕ್ಕದ ಮನೆಯಲ್ಲಿ ಯಾರೂ ಇಲ್ಲದಿದ್ದರೆ?

ನಮಗೆ ಮನೆ ಸಿಕ್ಕಿತು. ಅಜ್ಜನ ಮಗನೇ ಹೇಳಿ ಕಳಿಸಿದ್ದು. ಇಲ್ಲಿ ಕೆಲವು ಮನೆಗಳಿಗೆ ಒಂದು ಕಟ್ಟುಪಾಡು ಇದೆ. ಇಲ್ಲೇ ಕೆಲಸ ಮಾಡುವವರು ಅಥವಾ ವರ್ಷಗಳಿಂದ ಇಲ್ಲೇ ಇರುವವರು ಮಾತ್ರ ಅವುಗಳಲ್ಲಿ ಇರಬಹುದು. ರಜೆಯ ಮನೆ ಮಾಡುವ ಹಾಗಿಲ್ಲ. ಎರಡು ರೂಮು, ಹಿತ್ತಲಿನಲ್ಲಿ ಕಲ್ಲಿನ ಗೋಡೆ, ಗೋಡೆಯ ಆಚೆ ಕುರಿ. ಸಹಿ ಹಾಕುವ ದಿನ ಅವ್ವನಿಗೆ ವಿಡಿಯೋ ಕಾಲ್ ಮಾಡಿ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಈ ಮನೆಯಲ್ಲಿ ವರ್ಷವಿಡೀ ನಾವೇ ಇರುತ್ತೇವೆ, ಇದೇ ನಮ್ಮ ಮನೆ ಎಂದು ಒಪ್ಪಿಕೊಳ್ಳುವ ಸಾಲು ಅದರಲ್ಲಿತ್ತು.

ಅವ್ವ ಒಲೆಗೆ ಸೌದೆ ದೂಡುತ್ತಿದ್ದಳು. ತಲೆ ಎತ್ತಿ ನೋಡಿದಳು.

"ಮನೇಲಿ ಇರ್ತೀವಿ ಅಂತಾನೂ ಬರ್ಕೊಡಬೇಕಾ?" ಎಂದಳು.